ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಲೆನಾಡಿನ ಮಕ್ಕಳು ಈಗ ಮನಃಶಾಸ್ತ್ರ ಓದಲು ಹೊರಟಿದ್ದಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಶಿವಮೊಗ್ಗಕ್ಕೆ, ಮಂಗಳೂರಿಗೆ, ಮೈಸೂರಿಗೆ ಪದವಿಗೆಂದು ಹೋಗುವವರಲ್ಲಿ ಈ ವಿಷಯ ಆರಿಸಿಕೊಳ್ಳುವ ಹೆಣ್ಣುಮಕ್ಕಳೂ ಇದ್ದಾರೆ. ಅವರಲ್ಲಿ ಅಡಿಕೆ ತೋಟದ ಮನೆಯವರಿದ್ದಾರೆ, ಕಾಫಿ ಎಸ್ಟೇಟಿನ ಲೈನ್ ಮನೆಗಳಿಂದ ಬಂದವರಿದ್ದಾರೆ, ಬ್ಯಾರಿ ಮತ್ತು ಉರ್ದು ಮನೆಮಾತಿನವರಿದ್ದಾರೆ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೆ ತಾಯಿತದ ಆಚೆಗೂ ಮದ್ದಿದೆ ಎಂದು ಕೊರೊನಾದ ಎರಡು ವರ್ಷಗಳ ನಂತರವಾದರೂ ನಮ್ಮ ಸಮಾಜ ಒಪ್ಪಿಕೊಳ್ಳತೊಡಗಿದೆ. ಸಂತೋಷ. ಆದರೆ ಈ ಮಕ್ಕಳು ಪದವಿಯ ಕೊನೆಗೆ ಒಪ್ಪಿಸುವ ಪ್ರಾಜೆಕ್ಟು ವರದಿಗಳನ್ನು ಕೈಗೆತ್ತಿಕೊಂಡು ನೋಡಿದರೆ ಸಂತೋಷ ಅರ್ಧಕ್ಕಿಳಿಯುತ್ತದೆ.

ವರದಿಗೆ ದಪ್ಪ ರಟ್ಟು, ಬಂಗಾರದ ಅಕ್ಷರ. ಒಳಗೆ ಕಂಪ್ಯೂಟರಿನಿಂದ ಇಳಿಸಿದ ಕೋಷ್ಟಕಗಳ ಮೇಲೆ ಕೋಷ್ಟಕ. ಕೊನೆಯ ಸಾಲಿನಲ್ಲಿ 'ಸಿಗ್ .000' ಎಂದು ಅಚ್ಚಾಗಿರುತ್ತದೆ. ಹಾಗೆಂದರೇನಮ್ಮಾ ಎಂದು ಕೇಳಿ. 'ರಿಸಲ್ಟ್ ಬಂದಿದೆ ಅಂತ ಸರ್' ಎಂಬ ಉತ್ತರ ಬರುತ್ತದೆ. ಸೊನ್ನೆ ಏಕೆ ಎಂದು ಕೇಳಿದರೆ ಮೌನ. ವಾಸ್ತವದಲ್ಲಿ ಅದು ಸೊನ್ನೆಯಲ್ಲ. ತಂತ್ರಾಂಶ ಮೂರು ದಶಮಾಂಶ ಸ್ಥಾನಗಳನ್ನು ಮಾತ್ರ ತೋರಿಸುವುದರಿಂದ 0.0005ಕ್ಕಿಂತ ಚಿಕ್ಕದಾದ ಸಂಖ್ಯೆ ಅಲ್ಲಿ ಸೊನ್ನೆಯಾಗಿ ಕಾಣುತ್ತದೆ. ಮನುಷ್ಯರ ಮನಸ್ಸಿನ ವಿಷಯದಲ್ಲಿ 'ತಪ್ಪಾಗುವ ಸಾಧ್ಯತೆಯೇ ಇಲ್ಲ' ಎಂದು ಹೇಳುವ ಧೈರ್ಯ ಯಾವ ಪೀರನಿಗೂ ಯಾವ ಜ್ಯೋತಿಷಿಗೂ ಇರಲಾರದು. ನಮ್ಮ ಇಪ್ಪತ್ತರ ಹುಡುಗಿಯರ ಕೈಯಲ್ಲಿ ಅದನ್ನೇ ಬರೆಸಿ ಅಂಕ ಕೊಟ್ಟು ಕಳಿಸುತ್ತಿದ್ದೇವೆ.

ಪದವಿ ಮಕ್ಕಳಿಗೆ ಸಂಖ್ಯಾಶಾಸ್ತ್ರದ ತಂತ್ರಾಂಶ ಕಲಿಸುವ ಹೆಸರಿನಲ್ಲಿ ಬಹುಪಾಲು ಕಡೆ ಕಲಿಸುತ್ತಿರುವುದು ಗುಂಡಿ ಒತ್ತುವುದನ್ನು. ಇದು ಬಾಯಿಪಾಠದ ಹೊಸ ಅವತಾರ. ಹಿಂದೆ ಬಾಯಿಂದ ಒಪ್ಪಿಸುತ್ತಿದ್ದುದನ್ನು ಈಗ ಬೆರಳಿಂದ ಒಪ್ಪಿಸುತ್ತಾರೆ. ಇದರಿಂದ ಅತಿ ಹೆಚ್ಚು ನಷ್ಟವಾಗುವುದು ಯಾರು ಸದಾ ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿ ಬರೇ ಅಂಕಿಗಳಾಗಿ ಉಳಿದಿದ್ದಾರೋ ಅವರ ಮಕ್ಕಳಿಗೆ. ಈ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮೊದಲು ಯಂತ್ರದ ಸ್ವಭಾವ ನೋಡೋಣ. ತಂತ್ರಾಂಶಕ್ಕೆ ನಾಚಿಕೆ ಇಲ್ಲ. ಪ್ರಶ್ನಾವಳಿಯಲ್ಲಿ ಧರ್ಮದ ಕಾಲಮ್ಮಿಗೆ ಹಿಂದೂ 1, ಮುಸ್ಲಿಂ 2, ಕ್ರೈಸ್ತ 3 ಎಂದು ಗುರುತು ಹಾಕಿ, ಸರಾಸರಿ ತೆಗೆ ಎಂದು ಹೇಳಿ ನೋಡಿ. '1.4' ಎಂದು ಅದು ವಿನಯದಿಂದ ಉತ್ತರಿಸುತ್ತದೆ. ಅಂದರೆ ಈ ತರಗತಿಯ ಸರಾಸರಿ ಧರ್ಮ ಹಿಂದೂವಿಗೂ ಮುಸ್ಲಿಮನಿಗೂ ನಡುವೆ, ಸ್ವಲ್ಪ ಹಿಂದೂವಿನ ಕಡೆಗೆ! ಕೋಮು ಸೌಹಾರ್ದದ ಭಾಷಣಕ್ಕೆ ಇದು ಒದಗೀತು, ಶಾಸ್ತ್ರಕ್ಕೆ ಒದಗದು. ಇನ್ನೊಂದು ನೋಡಿ. ಒಂದರಿಂದ ಐದರವರೆಗೆ ಗುರುತು ಹಾಕುವ ಪ್ರಶ್ನೆಗೆ ಯಾರಾದರೂ ಉತ್ತರಿಸದಿದ್ದರೆ 99 ಎಂದು ತುಂಬಿಸುವ ರೂಢಿ ಇದೆ. 99 ಎಂದರೆ ಉತ್ತರವಿಲ್ಲ ಎಂದು ತಂತ್ರಾಂಶಕ್ಕೆ ಮೊದಲೇ ತಿಳಿಸಬೇಕು. ತಿಳಿಸಲು ಮರೆತರೆ? ಹತ್ತು ಮಂದಿಯಲ್ಲಿ ಒಂಬತ್ತು ಮಂದಿ 3 ಎಂದು ಹೇಳಿ ಒಬ್ಬಾಕೆ ಸುಮ್ಮನಿದ್ದರೆ, ಐದೇ ಅಂಕದ ಪ್ರಶ್ನೆಗೆ ಸರಾಸರಿ 12.6 ಬರುತ್ತದೆ. ಸುಮ್ಮನಿದ್ದವಳೇ ಎಲ್ಲರಿಗಿಂತ ಜೋರಾಗಿ ಕೂಗಿದಂತೆ! ಈ 12.6ನ್ನು ಕಂಡು ಬೆಚ್ಚಿ ಬೀಳುವ ಕಣ್ಣು ಬೇಕು. ಆ ಕಣ್ಣನ್ನು ಯಂತ್ರ ಕೊಡುವುದಿಲ್ಲ, ಮೇಷ್ಟ್ರು ಕೊಡಬೇಕು.

ಮೇಷ್ಟ್ರ ಸ್ಥಿತಿಯೂ ನಮಗೆ ಗೊತ್ತಿದೆ. ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ತಿಳಿಯದವರಿಂದ, ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುವವರಿಂದ, ಪವಾಡ ನಿರೀಕ್ಷಿಸುವುದು ಅನ್ಯಾಯ. ಜಾಣತನದ ದಾರಿ ಕಾಲೇಜಿನ ಎದುರಿಗೇ ಇದೆ. ಅಂಕಿಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ 'ಅನಾಲಿಸಿಸ್' ಮಾಡಿ, ಬೈಂಡ್ ಹಾಕಿ ಕೊಡುವವರಿದ್ದಾರೆ. ಮಗುವಿಗೆ ಅಂಕ, ಅಂಗಡಿಗೆ ದುಡ್ಡು, ಕಾಲೇಜಿಗೆ ಫಲಿತಾಂಶ. ಇದರಲ್ಲಿ ಸೋತವರು ಯಾರೂ ಕಾಣುವುದಿಲ್ಲ. ಅದೇ ಇದರ ಅಪಾಯ.

ಈ ಲೆಕ್ಕಗಳು ಎಲ್ಲೋ ದೂರದ ಗಾಜಿನ ಕಟ್ಟಡಗಳಲ್ಲಿ ಹುಟ್ಟಿದವು, ನಮ್ಮಂಥ ಹಳ್ಳಿಗಾಡಿನವರಿಗೆ ದಕ್ಕುವುದಿಲ್ಲ ಎಂಬ ಭಯ ನಮ್ಮ ಮಕ್ಕಳಲ್ಲಿದೆ. ಅದು ಸುಳ್ಳು ಭಯ. ಇಂದು ಮನಃಶಾಸ್ತ್ರದ ಪ್ರತಿ ಪ್ರಾಜೆಕ್ಟಿನಲ್ಲಿ ಕಾಣುವ 'ಟಿ ಪರೀಕ್ಷೆ'ಯನ್ನು 1908ರಲ್ಲಿ ರೂಪಿಸಿದ ಗಾಸೆಟ್ ಐರ್ಲೆಂಡಿನ ಒಂದು ಬಿಯರ್ ಕಾರ್ಖಾನೆಯ ನೌಕರ. ಬಾರ್ಲಿಯ ಗುಣಮಟ್ಟವನ್ನು ಕೆಲವೇ ಮಾದರಿಗಳಿಂದ ತಿಳಿಯುವುದು ಹೇಗೆ ಎಂಬುದು ಅವನ ತಲೆನೋವಾಗಿತ್ತು. ಹಲವು ಗುಂಪುಗಳನ್ನು ಒಟ್ಟಿಗೆ ಹೋಲಿಸುವ 'ಅನೋವಾ'ವನ್ನು ಕಟ್ಟಿದ ರೊನಾಲ್ಡ್ ಫಿಶರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಗೊಬ್ಬರ ಮತ್ತು ಗದ್ದೆಗಳ ಲೆಕ್ಕ ನೋಡುತ್ತಿದ್ದವರು. ಸಂಶೋಧಕರಿಗೆಂದು ಅವರು ಬರೆದ ಪ್ರಸಿದ್ಧ ಸಂಖ್ಯಾಶಾಸ್ತ್ರದ ಪುಸ್ತಕ ಅಚ್ಚಾದದ್ದು 1925ರಲ್ಲಿ. ಅದೇ 1925ರಲ್ಲಿ ಕೊಪ್ಪಕ್ಕೆ ಹತ್ತಿರದ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಗಿಡಗಳನ್ನು ಸಾಲು ಸಾಲಾಗಿ ವಿಂಗಡಿಸಿ, ಒಂದಕ್ಕೆ ಒಂದು ಮದ್ದು, ಇನ್ನೊಂದಕ್ಕೆ ಇನ್ನೊಂದು ಮದ್ದು ಕೊಟ್ಟು ಹೋಲಿಸುವ ಕೆಲಸ ನಮ್ಮ ನೆರೆಯಲ್ಲಿ ನೂರು ವರ್ಷದಿಂದ ನಡೆದಿದೆ. ಅಲ್ಲಿ ಕೂಲಿ ಮಾಡಿದ ಅಜ್ಜನ ಮೊಮ್ಮಗಳು ಕಾಲೇಜಿನಲ್ಲಿ 'ಅನೋವಾ' ಎಂಬ ಹೆಸರು ಕೇಳಿ ನಡುಗುತ್ತಾಳೆ.

ಅವಳಿಗೆ ಅಡಿಕೆ ತೋಟದಿಂದ ಪಾಠ ಶುರು ಮಾಡಿದರೆ ಹೇಗೆ? ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುತ್ತೇವೆ. ಹೊಸ ಔಷಧಿಯೊಂದು ಬಂದಿದೆ, ಅದು ಹೆಚ್ಚು ಒಳ್ಳೆಯದೇ ಎಂದು ತಿಳಿಯಬೇಕು. ತೋಟದ ಯಜಮಾನ ಹೊಸ ಔಷಧಿಯನ್ನು ಮನೆ ಹತ್ತಿರದ, ನೀರು ಬಸಿದು ಹೋಗುವ ಒಳ್ಳೆಯ ಮರಗಳಿಗೆ ಹೊಡೆಸಿ, ಹಳೆಯದನ್ನು ತಗ್ಗಿನ ಮರಗಳಿಗೆ ಹೊಡೆಸಿದರೆ ಗೆದ್ದದ್ದು ಔಷಧಿಯೋ ಜಾಗವೋ? ಆದ್ದರಿಂದ ಯಾವ ಮರಕ್ಕೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಫಿಶರ್ ಜಗತ್ತಿಗೆ ಕೊಟ್ಟ ದೊಡ್ಡ ಪಾಠ ಈ ಚೀಟಿ ಎತ್ತುವಿಕೆ. ಮಳೆಗಾಲದಲ್ಲಿ ಕೊಡೆ ಮಾರಾಟ ಹೆಚ್ಚುತ್ತದೆ, ಕೊಳೆರೋಗವೂ ಹೆಚ್ಚುತ್ತದೆ. ಎರಡಕ್ಕೂ ಗಟ್ಟಿ ಸಹಸಂಬಂಧ ಇದೆ ಎಂದು ತಂತ್ರಾಂಶ ಹೇಳಿಯೇ ಹೇಳುತ್ತದೆ. ಹಾಗೆಂದು ಪೇಟೆಯ ಕೊಡೆ ಅಂಗಡಿ ಮುಚ್ಚಿಸಿದರೆ ಅಡಿಕೆ ಉಳಿಯುವುದಿಲ್ಲ. ಇದು ಅರ್ಥವಾದ ಮಗುವಿಗೆ 'ಮೊಬೈಲ್ ನೋಡುವುದರಿಂದ ಖಿನ್ನತೆ ಬರುತ್ತದೆ' ಎಂಬ ಪ್ರಾಜೆಕ್ಟಿನ ತೀರ್ಮಾನ ಬರೆಯುವಾಗ ಕೈ ತಡೆಯುತ್ತದೆ. ಮೊಬೈಲಿನಿಂದ ಖಿನ್ನತೆಯೋ, ಖಿನ್ನತೆಯಿಂದ ಮೊಬೈಲೋ, ಎರಡರ ಹಿಂದೆ ಒಂಟಿತನವೋ?

ಎಲ್ಲರನ್ನೂ ಹೆದರಿಸುವ ಆ 'ಪಿ ಮೌಲ್ಯ'ವನ್ನೂ ಕಂಪ್ಯೂಟರಿಲ್ಲದೆ ಕಲಿಸಬಹುದು. ಹಾಲು ಮೊದಲು ಹಾಕಿದ ಚಹಾವನ್ನು ರುಚಿಯಿಂದಲೇ ಗುರುತಿಸಬಲ್ಲೆ ಎಂದ ಹೆಂಗಸೊಬ್ಬರ ಕತೆಯನ್ನು ಫಿಶರ್ 1935ರ ತಮ್ಮ ಪುಸ್ತಕದಲ್ಲಿ ಚರ್ಚಿಸಿದ್ದಾರೆ. ಕೊಪ್ಪದಲ್ಲಿ ಚಹಾ ಬೇಡ, ಕಾಫಿ ಇಟ್ಟುಕೊಳ್ಳೋಣ. ಎಂಟು ಲೋಟ. ನಾಲ್ಕಕ್ಕೆ ಚಿಕೋರಿ ಬೆರೆಸಿದ ಪುಡಿ, ನಾಲ್ಕಕ್ಕೆ ಅಸಲಿ ಪುಡಿ. ಚಿಕೋರಿಯ ನಾಲ್ಕನ್ನು ಆರಿಸಿ ತೆಗೆಯಮ್ಮಾ ಎಂದು ಒಬ್ಬಳಿಗೆ ಹೇಳಿ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಏನೂ ತಿಳಿಯದವಳು ಬರೇ ಅದೃಷ್ಟದಿಂದ ನಾಲ್ಕನ್ನೂ ಸರಿಯಾಗಿ ಆರಿಸುವ ಸಾಧ್ಯತೆ 70ರಲ್ಲಿ 1, ಅಂದರೆ 0.014. ಪಿ ಮೌಲ್ಯ ಎಂದರೆ ಇಷ್ಟೇ. ನಾಲ್ಕರಲ್ಲಿ ಮೂರು ಸರಿಯಾಯಿತೆನ್ನಿ. ಊಹೆಯಿಂದಲೇ ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಹೇಳುವ ಸಾಧ್ಯತೆ 70ರಲ್ಲಿ 17ಕ್ಕೆ ಏರುತ್ತದೆ, ನಂಬಿಕೆ ಇಳಿಯುತ್ತದೆ. ಒಂದು ಗಂಟೆಯ ತರಗತಿ, ಎಂಟು ಲೋಟ ಕಾಫಿ. ಇದನ್ನು ಮಾಡಿದ ಮಗು ಜೀವಮಾನದಲ್ಲಿ 'ಸಿಗ್ .000' ಕಂಡು ಮರುಳಾಗುವುದಿಲ್ಲ. ಆಮೇಲೆ ತಂತ್ರಾಂಶ ತೆರೆಯಲಿ. ಕೈಯಲ್ಲಿ ಮಾಡಿದ್ದನ್ನು ಯಂತ್ರ ವೇಗವಾಗಿ ಮಾಡಿಕೊಡುವುದನ್ನು ಕಂಡು ಖುಷಿಪಡಲಿ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಒಳ್ಳೆಯ ಬುನಾದಿಯೇ ಬಿದ್ದಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಮನಸ್ಸಿನ ಅಳತೆಗೆ ಸಂಖ್ಯಾಶಾಸ್ತ್ರದ ದಾರಿ ತೋರಿದ ಮೊದಲಿಗರಲ್ಲಿ ಸ್ಪಿಯರ್‌ಮನ್ ಒಬ್ಬರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ 'ಆಕಾಶವಾಣಿ' ಎಂಬ ಹೆಸರಿಗೆ ಕಾರಣರಾದವರೂ ಇದೇ ಗೋಪಾಲಸ್ವಾಮಿ. ಅತ್ತ ಧಾರವಾಡ ಸೀಮೆಯಲ್ಲಿ ವಿ.ವಿ. ಕಾಮತ್ ಅವರು ಬಿನೆಯ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ತಿದ್ದಿ 1934ರಲ್ಲಿ ಹೊರತಂದರು. ಇಂಗ್ಲಿಷಿನ ಪ್ರಶ್ನೆಗಳನ್ನು ಪದಕ್ಕೆ ಪದ ಇಳಿಸಿ ಕೈತೊಳೆದುಕೊಳ್ಳಲಿಲ್ಲ, ಇಲ್ಲಿನ ಮಕ್ಕಳ ಮುಂದಿಟ್ಟು ಒರೆ ಹಚ್ಚಿದರು. ಆ ಕಾಲದಲ್ಲಿ ಲೆಕ್ಕ ಮಾಡಲು ಕಾಗದ, ಪೆನ್ಸಿಲು ಮತ್ತು ತಾಳ್ಮೆ ಬಿಟ್ಟರೆ ಬೇರೇನಿತ್ತು?

ಈಗ ಏನಾಗಿದೆ? ಅಮೆರಿಕೆಯ ಕಾಲೇಜು ಮಕ್ಕಳಿಗೆಂದು ಮಾಡಿದ ಪ್ರಶ್ನಾವಳಿಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ರಾತ್ರೋರಾತ್ರಿ ಕನ್ನಡಕ್ಕೆ ತಿರುಗಿಸಿ, ಲೈನ್ ಮನೆಯ ಹೆಂಗಸಿನ ಮುಂದೆ ಹಿಡಿಯಲಾಗುತ್ತದೆ. 'ನಿಮಗೆ ಬೇಜಾರಾಗುತ್ತದೆಯೇ?' ಸುಲಭದ ಪ್ರಶ್ನೆ ಅನ್ನಿಸುತ್ತದೆ. ಎರಡೂ ಭಾಷೆಯ ಶಾಲೆ ಕಂಡ ನಮ್ಮಂಥವರಿಗೆ ಅದರ ಕಷ್ಟ ಗೊತ್ತು. ಉರ್ದುವಿನಲ್ಲಿ 'ಬೇಜಾರ್' ಎಂದರೆ ರೋಸಿ ಹೋಗುವುದು, ಬೇಸತ್ತು ಹೋಗುವುದು. ಅದೇ ಪದ ಕನ್ನಡಕ್ಕೆ ಬಂದು ದುಃಖವೂ ಆಗಿದೆ, ಹೊತ್ತು ಹೋಗದಿರುವುದೂ ಆಗಿದೆ, ಯಾರೋ ಆಡಿದ ಮಾತಿಗೆ ಮನಸ್ಸು ನೊಂದದ್ದೂ ಆಗಿದೆ. ನಮ್ಮ ದಖ್ಖನಿ ಮಾತಿನ ಮನೆಯ ಹೆಂಗಸು ನಿಜವಾಗಿ ಕುಗ್ಗಿ ಹೋದಾಗ 'ದಿಲ್ ಘಬ್ರಾರಾ' ಎನ್ನುತ್ತಾಳೆ. ಪಕ್ಕದ ಮನೆಯವಳು 'ಎಂತದೂ ಬೇಡ ಅನ್ನಿಸ್ತದೆ' ಎನ್ನುತ್ತಾಳೆ. ಇಬ್ಬರೂ 'ಬೇಜಾರು' ಎಂಬಲ್ಲಿ 4ಕ್ಕೆ ಗುರುತು ಹಾಕಿದರೆ ಆ ಎರಡು ನಾಲ್ಕುಗಳು ಒಂದೇ ಆಗುವುದಿಲ್ಲ. ತಂತ್ರಾಂಶಕ್ಕೆ ಮಾತ್ರ ನಾಲ್ಕು ಎಂದರೆ ನಾಲ್ಕೇ. ಆರ್ಥಿಕ ಸ್ಥಿತಿ ಅಳೆಯಲು ಬಳಸುವ ಕುಪ್ಪುಸ್ವಾಮಿ ಮಾಪಕದ್ದೂ ಇದೇ ಕತೆ. 1976ರಲ್ಲಿ ನಗರದ ಕುಟುಂಬಗಳಿಗೆಂದು ಮಾಡಿದ್ದು ಅದು. ಮನೆಯ ಯಜಮಾನನ ಓದು, ಉದ್ಯೋಗ ಮತ್ತು ಕುಟುಂಬದ ಆದಾಯ ಅದರ ಆಧಾರ. ಯಜಮಾನ ಊರು ಬಿಟ್ಟು ಹೋಗಿ, ಹೆಂಗಸೇ ಕಾಫಿ ಕೊಯ್ದು ಸಂಸಾರ ತೂಗಿಸುವ ಮನೆಗೆ ಆ ಅಂಗಿ ಹೇಗೆ ಹೊಂದೀತು? ಈ ಪ್ರಶ್ನೆಯನ್ನು ಮೊದಲು ಕೇಳಬಲ್ಲವಳು ಅದೇ ಲೈನ್ ಮನೆಯಿಂದ ಬಂದ ವಿದ್ಯಾರ್ಥಿನಿ. ನಮ್ಮ ಪಾಠಕ್ರಮದಲ್ಲಿ ಅವಳಿಗೆ ಕೇಳುವ ಅವಕಾಶವೇ ಇಲ್ಲ.

ಇಲ್ಲಿ ನಮ್ಮ ಸಾಹಿತಿ ಗೆಳೆಯರು ಅಡ್ಡ ಬರುತ್ತಾರೆ. 'ಮನುಷ್ಯನನ್ನು ಅಂಕಿ ಮಾಡಬೇಡಿ, ಹೃದಯವನ್ನು ಅಳೆಯಲಾಗದು' ಎನ್ನುತ್ತಾರೆ. ಕತೆ ಬರೆಯುವ ನಮಗೆ ಈ ಮಾತಿನ ಸುಖ ಗೊತ್ತಿದೆ, ಅದರ ಸೋಮಾರಿತನವೂ ಗೊತ್ತಿದೆ. ಕತೆಗೆ ಒಬ್ಬಳು ಆಯಿಶಾ ಸಾಕು, ಅವಳ ಒಂದು ಇರುಳು ಸಾಕು. ಆದರೆ ಆಯಿಶಾಳಂಥವರು ಎಷ್ಟು ಮಂದಿ ಎಂದು ಕೇಳಿದಾಗ ಕತೆಗಾರ ಬಾಯಿ ಮುಚ್ಚಬೇಕಾಗುತ್ತದೆ. ಆಗ 'ಅಂಥವರು ಯಾರೂ ಇಲ್ಲ, ಎಲ್ಲಾ ನಿಮ್ಮ ಕಲ್ಪನೆ' ಎನ್ನುವವನು ಗೆಲ್ಲುತ್ತಾನೆ. ಅಂಕಿಗಳು ಕೇಡು ಮಾಡಿಲ್ಲವೇ ಎಂದರೆ, ಮಾಡಿವೆ. 1901ರ ಜನಗಣತಿಯ ಹೊತ್ತಿನಲ್ಲಿ ರಿಸ್ಲೆ ಎಂಬ ಅಧಿಕಾರಿ ಮೂಗಿನ ಅಗಲ ಅಳೆದು ಜಾತಿಗಳ ಮೇಲುಕೀಳನ್ನು ಅದಕ್ಕೆ ತಳಕು ಹಾಕಿದ. ಸಂಖ್ಯಾಶಾಸ್ತ್ರದ ಹಿರಿಯರಾದ ಗಾಲ್ಟನ್, ಪಿಯರ್ಸನ್ ಮೇಲುತಳಿಯ ಮನುಷ್ಯರನ್ನು ಬೆಳೆಸುವ ಕನಸು ಕಂಡವರು, ಫಿಶರ್ ಕೂಡ ಅದರಿಂದ ಹೊರತಲ್ಲ. ಆದರೆ ರಿಸ್ಲೆಯ ಅಂಕಿಗಳಲ್ಲಿನ ದೋಷಗಳನ್ನು ಹೆಕ್ಕಿ ತೋರಿಸಿದ್ದು ಪದ್ಯವಲ್ಲ, ಕಲ್ಕತ್ತೆಯ ಮಹಲನೋಬಿಸ್ ಅವರ ಲೆಕ್ಕ. ಕೆಟ್ಟ ಲೆಕ್ಕಕ್ಕೆ ಒಳ್ಳೆಯ ಲೆಕ್ಕವೇ ಉತ್ತರ.

ನಮ್ಮ ಸಮುದಾಯಕ್ಕೆ ಈ ಪಾಠ ಸಾಚಾರ್ ವರದಿಯಿಂದಾದರೂ ತಿಳಿಯಬೇಕಿತ್ತು. ಮುಸ್ಲಿಮರ ಓಲೈಕೆ ಎಂಬ ಮಾತು ದಶಕಗಳ ಕಾಲ ವೇದಿಕೆಯಿಂದ ವೇದಿಕೆಗೆ ಹಾರಾಡಿತ್ತು. ನಾವು ಕಣ್ಣೀರಿನ ಭಾಷಣಗಳಿಂದ ಉತ್ತರ ಕೊಡುತ್ತಿದ್ದೆವು. 2006ರ ನವೆಂಬರಿನಲ್ಲಿ ಬಂದ ವರದಿ ಕಣ್ಣೀರು ಹಾಕಲಿಲ್ಲ, ಎಣಿಸಿತು. 2001ರ ಜನಗಣತಿಯಲ್ಲಿ ಶೇ. 13.4ರಷ್ಟಿದ್ದವರು ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4, ವಿದೇಶಾಂಗ ಸೇವೆಯಲ್ಲಿ ಶೇ. 1.8. ಸಾವಿರ ಭಾಷಣ ಮಾಡದ ಕೆಲಸವನ್ನು ಈ ಮೂರು ಅಂಕಿಗಳು ಮಾಡಿದವು. ಕರ್ನಾಟಕದಲ್ಲೂ ನೋಡಿದೆವಲ್ಲ. 2015ರ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಯ ವರದಿ ಕೆ. ಜಯಪ್ರಕಾಶ ಹೆಗ್ಡೆ ಅವರ ಕೈಯಿಂದ ಸರ್ಕಾರಕ್ಕೆ ತಲುಪಿದ್ದು 2024ರ ಫೆಬ್ರವರಿಯಲ್ಲಿ. 2025ರಲ್ಲಿ ಅದನ್ನು ಬದಿಗಿಟ್ಟು ಹೊಸ ಸಮೀಕ್ಷೆ ನಡೆಸಲಾಯಿತು. ಆ ದಿನಗಳಲ್ಲಿ ಪ್ರತಿ ಚಹಾದಂಗಡಿಯಲ್ಲೂ 'ಲೆಕ್ಕ ಸರಿಯಿಲ್ಲ' ಎಂಬ ಗದ್ದಲವಿತ್ತು. ಲೆಕ್ಕ ಎಲ್ಲಿ ಸರಿಯಿಲ್ಲ, ಹೇಗೆ ಸರಿಯಿಲ್ಲ ಎಂದು ಹೇಳಬಲ್ಲವರು ಎಷ್ಟು ಮಂದಿ ಇದ್ದರು?

ಮನಸ್ಸಿನ ಆರೋಗ್ಯದ ಲೆಕ್ಕಕ್ಕೇ ಬರೋಣ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ದೊಡ್ಡ ಕೆಲಸ, ಗೌರವದ ಕೆಲಸ. 12 ರಾಜ್ಯಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಲಾಯಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂದು ಅದು ತೋರಿಸಿತು. ಆದರೆ ಆ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಭಾವಿ ಪ್ರಯೋಗ ಕೋಲಾರದಲ್ಲಿ ನಡೆಯಿತು, ಅಷ್ಟೇ. ಕೇರಳ ಇತ್ತು, ತಮಿಳುನಾಡು ಇತ್ತು. ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡ ಶೃಂಗೇರಿ ಸೀಮೆಯ ರೈತನ ರಾತ್ರಿಗಳು ಆ ಲೆಕ್ಕದಲ್ಲಿಲ್ಲ. ಮಂಗನ ಕಾಯಿಲೆಯ ಕಾಲದಲ್ಲಿ ಸೌದೆಗೆ ಕಾಡಿಗೆ ಹೋಗಲು ಅಂಜುವ ಹೆಂಗಸಿನ ಭಯ ಇಲ್ಲ. ಭದ್ರಾ ಜಲಾಶಯಕ್ಕೆ ಊರು ಬಿಟ್ಟುಕೊಟ್ಟ ನರಸಿಂಹರಾಜಪುರ ಕಡೆಯ ಮುದುಕರ ನೆನಪು ಇಲ್ಲ. ನಮ್ಮ ಮಕ್ಕಳು ಆಟದಲ್ಲಿ ಚಿಕ್ಕವರನ್ನು ಸೇರಿಸಿಕೊಳ್ಳುವಾಗ ಹೇಳುವಂತೆ ನಾವು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ದೊಡ್ಡ ಸಂಸ್ಥೆಗಳು ಬಂದು ಎಣಿಸಲಿ ಎಂದು ಕಾಯಬೇಕೇ? ಬೇಕಿಲ್ಲ. ಕೊಪ್ಪದ ಒಂದು ಬೀದಿಯನ್ನು, ಒಂದು ಎಸ್ಟೇಟನ್ನು, ಒಂದು ಹಾಸ್ಟೆಲನ್ನು ಪ್ರಾಮಾಣಿಕವಾಗಿ ಅಧ್ಯಯನ ಮಾಡಿದ ಪದವಿ ಮಕ್ಕಳ ಸಣ್ಣ ವರದಿ, ಎರವಲು ಪ್ರಶ್ನಾವಳಿಯ ದಪ್ಪ ಪುಸ್ತಕಕ್ಕಿಂತ ಬೆಲೆಯುಳ್ಳದ್ದು. ಜಗತ್ತಿನ ಮನಃಶಾಸ್ತ್ರದ ಪ್ರಮುಖ ಪತ್ರಿಕೆಗಳ ಸಂಶೋಧನೆಗಳಲ್ಲಿ ಭಾಗವಹಿಸಿದವರ ಪೈಕಿ ಶೇ. 96ರಷ್ಟು ಮಂದಿ ಪಶ್ಚಿಮದ ಶ್ರೀಮಂತ ದೇಶಗಳವರು ಎಂದು 2008ರಲ್ಲೂ 2010ರಲ್ಲೂ ಅಲ್ಲಿನ ವಿದ್ವಾಂಸರೇ ಎತ್ತಿ ತೋರಿಸಿದರು. ಅಂದರೆ ನಮ್ಮ ಮಕ್ಕಳು ಓದುವ 'ಮಾನವ ಸ್ವಭಾವ' ಬಹುತೇಕ ಅವರ ನೆರೆಹೊರೆಯವರ ಸ್ವಭಾವ. ಇದನ್ನು ತಿದ್ದುವ ಕೆಲಸ ಕೊಪ್ಪದಿಂದಲೂ ಶುರುವಾಗಬಹುದು.

'ಯಂತ್ರ ಎಲ್ಲ ಮಾಡುತ್ತದೆ, ಈಗಂತೂ ಕೃತಕ ಬುದ್ಧಿಮತ್ತೆ ವರದಿಯನ್ನೂ ಬರೆದುಕೊಡುತ್ತದೆ, ತಲೆ ಯಾಕೆ ಕೆಡಿಸಿಕೊಳ್ಳಬೇಕು' ಎನ್ನುವವರಿಗೆ ಎರಡು ಸಂಗತಿ ಹೇಳಬೇಕು. 2015ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ, ಪ್ರತಿಷ್ಠಿತ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೊದಲ ಸಲ ಶೇ. 97ರಷ್ಟು ಅಧ್ಯಯನಗಳಲ್ಲಿ 'ರಿಸಲ್ಟ್' ಬಂದಿತ್ತು. ಎರಡನೆಯ ಸಲ ಬಂದದ್ದು ಶೇ. 36ರಲ್ಲಿ ಮಾತ್ರ. ಇಪ್ಪತ್ತು ಬೇರೆ ಬೇರೆ ಪರೀಕ್ಷೆ ಮಾಡಿದರೆ, ಏನೂ ಇಲ್ಲದ ಕಡೆಯೂ ಒಂದಾದರೂ 'ಗೆಲ್ಲುವ' ಸಾಧ್ಯತೆ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು. ಗೆದ್ದದ್ದನ್ನು ಮಾತ್ರ ಅಚ್ಚು ಹಾಕಿ ಸೋತ ಹತ್ತೊಂಬತ್ತನ್ನು ಮುಚ್ಚಿಟ್ಟರೆ ಶಾಸ್ತ್ರ ಮಟಕಾ ಆಗುತ್ತದೆ. ಇನ್ನೊಂದು, ನೆದರ್ಲೆಂಡ್ಸಿನ ಸ್ಟಾಪೆಲ್ ಎಂಬ ಹೆಸರಾಂತ ಪ್ರಾಧ್ಯಾಪಕನ ಕತೆ. ಅವನು ವರ್ಷಗಟ್ಟಲೆ ಅಂಕಿಗಳನ್ನು ಕೂತಲ್ಲೇ ಹುಟ್ಟಿಸಿ ಸಂಶೋಧನೆ ಎಂದು ಅಚ್ಚು ಹಾಕಿಸಿದ್ದ. 2011ರಲ್ಲಿ ಅವನನ್ನು ಹಿಡಿದುಕೊಟ್ಟವರು ಅವನದೇ ವಿಭಾಗದ ಮೂವರು ಕಿರಿಯ ಸಂಶೋಧಕರು. ಅವರಿಗೆ ಅಂಕಿಗಳನ್ನು ಓದಿ ಸಂಶಯಪಡಲು ಬರುತ್ತಿತ್ತು. ನಮ್ಮ ಮಕ್ಕಳಿಗೆ ಕಲಿಸಬೇಕಾದದ್ದು ಈ ಸಂಶಯವನ್ನು.

ಇನ್ನು ಭಾಷೆಯ ಮಾತು. 'ಇದೆಲ್ಲ ಕನ್ನಡದಲ್ಲಿ ಆಗದು' ಎಂದು ಹೇಳುವವರು ದಯವಿಟ್ಟು ಕೊಪ್ಪ ತಾಲೂಕಿನಲ್ಲಿ ನಿಂತು ಹೇಳಬೇಡಿ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಈ ತಾಲೂಕಿನಲ್ಲೇ ಇದೆ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಚುಕ್ಕಾಣಿ ಹಿಡಿದಿದ್ದಾಗ ಅವರು ಪದವಿ ತರಗತಿಗೆ ಕನ್ನಡ ಮಾಧ್ಯಮ ತರಲು, ವಿಜ್ಞಾನದ ಪಠ್ಯಗಳನ್ನು ಕನ್ನಡದಲ್ಲಿ ಬರೆಸಲು ಹೆಣಗಿದರು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದ ಕಿವಿ ಹಿಂಡಿದರು. ಸರಾಸರಿ, ಮಧ್ಯಾಂಕ, ಸಹಸಂಬಂಧ ಎಂಬ ಪದಗಳು ನಮ್ಮಲ್ಲಿ ಆಗಲೇ ಇವೆ. ಒಂಬತ್ತು ಕೂಲಿಯವರಿಗೆ ತಿಂಗಳಿಗೆ ಹತ್ತು ಸಾವಿರ, ಒಬ್ಬ ಮಾಲೀಕನಿಗೆ ಹತ್ತು ಲಕ್ಷ ಬರುವ ಎಸ್ಟೇಟಿನ ಸರಾಸರಿ ಆದಾಯ 1,09,000 ರೂಪಾಯಿ, ಮಧ್ಯಾಂಕ ಹತ್ತೇ ಸಾವಿರ. ಯಾವ ಸಂಖ್ಯೆ ಯಾರ ಪರ ಮಾತಾಡುತ್ತದೆ ಎಂದು ತಿಳಿಯಲು ಇಂಗ್ಲಿಷ್ ಬೇಕೇ? ತಂತ್ರಾಂಶದ ಪರದೆ ಇಂಗ್ಲಿಷಿನಲ್ಲಿದ್ದರೆ ಇರಲಿ, ಯೋಚನೆ ಕನ್ನಡದಲ್ಲಿ ನಡೆಯಲಿ. ಬರಬರುತ್ತಾ ಪರದೆಗೂ ಕನ್ನಡ ತರೋಣ.

ದುಡ್ಡಿನ ನೆಪವೂ ನಿಲ್ಲದು. ಎಸ್‌ಪಿಎಸ್‌ಎಸ್ 1968ರಿಂದ ಇರುವ ತಂತ್ರಾಂಶ, 2009ರಲ್ಲಿ ಐಬಿಎಂ ಅದನ್ನು ಕೊಂಡುಕೊಂಡಿತು. ಅದರ ಪರವಾನಗಿ ಹಣ ಸಣ್ಣ ಕಾಲೇಜಿಗೆ ಭಾರ. ಭಾರ ತಪ್ಪಿಸಲು ಕದ್ದ ನಕಲು ಹಾಕಿಕೊಂಡು ಮಕ್ಕಳಿಗೆ 'ಸಂಶೋಧನಾ ನೈತಿಕತೆ' ಪಾಠ ಮಾಡುವುದು ಯಾವ ನ್ಯಾಯ? ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು ಮೇಷ್ಟ್ರು ತಮ್ಮ ವಿದ್ಯಾರ್ಥಿಗಳ ಪ್ರಯೋಗಾಲಯಕ್ಕೆಂದು 'ಆರ್' ಅನ್ನು ಕಟ್ಟಿ ಜಗತ್ತಿಗೆ ಬಿಟ್ಟುಕೊಟ್ಟರು. ಎಸ್‌ಪಿಎಸ್‌ಎಸ್‌ನ ಹಾಗೆಯೇ ಕಾಣುವ 'ಪಿಎಸ್‌ಪಿಪಿ' ಇದೆ. ಆಮ್‌ಸ್ಟರ್‌ಡ್ಯಾಮಿನ ಮನಃಶಾಸ್ತ್ರ ವಿಭಾಗದವರು ಮಾಡಿದ 'ಜಾಸ್ಪ್' ಇದೆ, 'ಜಮೋವಿ' ಇದೆ. ಎಲ್ಲವೂ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ನೆಟ್‌ವರ್ಕು ಕಾಣೆಯಾಗುವ ನಮ್ಮೂರುಗಳಿಗೆ ಇದಕ್ಕಿಂತ ಇನ್ನೇನು ಬೇಕು?

ಹಾಗಾದರೆ ನಾವು ಕೇಳುವುದೇನು? ಮೊದಲು ಹತ್ತು ಅಂಕಿಗಳನ್ನು ಕೈಯಲ್ಲಿ ಲೆಕ್ಕ ಮಾಡಿಸಿ, ಆಮೇಲೆ ಕಂಪ್ಯೂಟರ್ ಮುಟ್ಟಿಸಿ. ಪ್ರಶ್ನೆ ಮಗುವಿನ ಊರಿನಿಂದ ಹುಟ್ಟಲಿ. ಪ್ರಶ್ನಾವಳಿಯನ್ನು ಊರಿನ ಮಾತಿನಲ್ಲಿ ಹತ್ತು ಮಂದಿಯ ಮುಂದೆ ಓದಿ ನೋಡಿದ ಮೇಲೆಯೇ ಹಂಚಲಿ. ಉತ್ತರಿಸುವವರ ಒಪ್ಪಿಗೆ ಪಡೆಯಲಿ, ಲೈನ್ ಮನೆಯ ಹೆಂಗಸು ಹೇಳಿದ್ದು ಎಸ್ಟೇಟಿನ ರೈಟರ ಕಿವಿಗೆ ಬೀಳದಿರಲಿ. 'ವ್ಯತ್ಯಾಸ ಕಂಡುಬರಲಿಲ್ಲ' ಎಂದು ನಿಜ ಬರೆದವಳಿಗೆ, ಸುಳ್ಳು ಗೆಲುವು ಬರೆದವಳಿಗಿಂತ ಹೆಚ್ಚು ಅಂಕ ಕೊಡಿ. ಪರೀಕ್ಷೆಯಲ್ಲಿ ತಪ್ಪಿರುವ ಕೋಷ್ಟಕ ಕೊಟ್ಟು ತಪ್ಪು ಹುಡುಕಲು ಹೇಳಿ. ಮೌಖಿಕ ಪರೀಕ್ಷೆಯನ್ನು ಮಗುವಿಗೆ ಬರುವ ಭಾಷೆಯಲ್ಲಿ ಮಾಡಿ, ಅಂಗಡಿಯ ವರದಿ ಅಲ್ಲೇ ಬಯಲಾಗುತ್ತದೆ. ಮತ್ತು ಪಾಠ ಮಾಡುವವರಿಗೆ ಕಾಯಂ ಕೆಲಸ ಕೊಡಿ.

ಕೊನೆಗೆ ನಮ್ಮ ಜಮಾತುಗಳ ಹಿರಿಯರಿಗೂ ಒಂದು ಮಾತು. 'ಅಲ್ಗಾರಿದಂ ಎಂಬ ಪದ ಬಂದದ್ದೇ ನಮ್ಮ ಅಲ್ ಖ್ವಾರಿಜ್ಮಿಯ ಹೆಸರಿನಿಂದ, ಅಕ್ಷರಗಳನ್ನು ಎಣಿಸಿ ಗುಪ್ತಲಿಪಿ ಬಿಡಿಸಿದವರು ಬಾಗ್ದಾದಿನ ಅಲ್ ಕಿಂದಿ' ಎಂದು ವೇದಿಕೆಯಲ್ಲಿ ಎದೆಯುಬ್ಬಿಸುವುದು ನಮಗೆ ಅಭ್ಯಾಸ. ಮಾತು ನಿಜವೇ. ಆದರೆ ಒಂಬತ್ತನೆಯ ಶತಮಾನದ ಸಾಲದ ಮೇಲೆ ಎಷ್ಟು ದಿನ ಬದುಕುವುದು? ಶಾದಿಮಹಲಿನ ಎರಡನೇ ಮಹಡಿಗೆ ಚಂದಾ ಎತ್ತುವ ನಾವು, ಅದರ ಒಂದು ಕೋಣೆಯಲ್ಲಿ ಹತ್ತು ಹಳೆಯ ಕಂಪ್ಯೂಟರ್ ಇಟ್ಟು, ರಜೆಯಲ್ಲಿ ಎಲ್ಲ ಜಾತಿಯ ಮಕ್ಕಳನ್ನೂ ಕರೆದು ಈ ಲೆಕ್ಕ ಕಲಿಸಲಾರೆವೇ? 'ಹಿಸಾಬ್' ಎಂದರೆ ನಮ್ಮ ಮನೆಗಳಲ್ಲಿ ಬರೇ ಅಂಗಡಿಯ ಲೆಕ್ಕವಲ್ಲ, ಉತ್ತರ ಹೇಳಬೇಕಾದ ಹೊಣೆ. ನಮ್ಮನ್ನು ಯಾರು ಯಾರೋ ಎಣಿಸಿದ್ದಾರೆ, ಕೆಲವರು ಪ್ರೀತಿಯಿಂದ, ಹಲವರು ದ್ವೇಷದಿಂದ. ಎಣಿಸುವವರ ಸಾಲಿನಲ್ಲಿ ನಮ್ಮ ಹೆಣ್ಣುಮಕ್ಕಳೂ ಕುಳಿತ ದಿನ, ಅವರ ಮುಂದೆ ತಪ್ಪು ಲೆಕ್ಕ ಇಡಲು ಜನ ಹಿಂಜರಿಯುತ್ತಾರೆ. ಬರೇ ಗುಂಡಿ ಒತ್ತಲು ಕಲಿತ ಕೈಗೆ ಯಾರೂ ಹಿಂಜರಿಯುವುದಿಲ್ಲ.